ಕಿಟ್ ಕಾರು ನೋಂದಣಿ (ಬ್ರಿಟನ್)

ಗುಜರಿಗೆ ಬಿದ್ದ ಕಾರುಗಳ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟಿಯರಿಂಗ್‌ಗಳನ್ನು ಬಿಚ್ಚಿ ತಂದು, ಬೇರೊಂದು ಚಾಸಿಗೆ ಜೋಡಿಸಿ ಮನೆಯಲ್ಲೇ ಕಟ್ಟಿದ ಕಾರಿಗೆ ಕಾನೂನಿನ ಗುರುತು ಮತ್ತು ನಂಬರ್ ಪಡೆಯುವ ಕ್ರಮ. ಇಂಥ ವಾಹನಕ್ಕೆ ಕಿಟ್ ಕಾರು ಎಂದೂ, ಭಾಗಗಳನ್ನು ಒದಗಿಸಿದ ಹಳೆಯ ಕಾರಿಗೆ ಡೋನರ್ ಕಾರು ಎಂದೂ ಹೆಸರು. ಈ ಹವ್ಯಾಸ ಅನೇಕ ದೇಶಗಳಲ್ಲಿದ್ದರೂ ಬ್ರಿಟನ್ನಿನಲ್ಲಿ ಬೇರೂರಿದಷ್ಟು ಆಳವಾಗಿ ಬೇರೆಡೆ ಬೇರೂರಿರುವುದು ಅಪರೂಪ. ಅಲ್ಲಿ ಕಾರನ್ನು ಚೆನ್ನಾಗಿ ಕಟ್ಟಿದರೆ ಸಾಲದು. ಅದರ ಒಂದೊಂದು ಮುಖ್ಯ ಭಾಗವೂ ಎಲ್ಲಿಂದ ಬಂತೆಂದು ಕಾಗದಪತ್ರದಲ್ಲಿ ತೋರಿಸಬೇಕು. ವೆಲ್ಡಿಂಗ್ ಕೆಲಸಕ್ಕೆ ಕೊಟ್ಟಷ್ಟೇ ಗಮನವನ್ನು ರಸೀದಿಗಳಿಗೂ ಕೊಟ್ಟವರಿಗೆ ನೋಂದಣಿ ಸುಲಭವಾಗುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಪರ್ಚೇಸ್ ಟ್ಯಾಕ್ಸ್ ಎಂಬ ಭಾರಿ ತೆರಿಗೆ ಇತ್ತು. ಕಾರನ್ನು ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಆ ತೆರಿಗೆ ತಗಲುತ್ತಿರಲಿಲ್ಲ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ತಂದ ಲೋಟಸ್ ಸೆವೆನ್ ಈ ದಾರಿಯಲ್ಲೇ ಮನೆಮನೆಯ ಗ್ಯಾರೇಜು ಸೇರಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಎರಡು ಸೀಟು. ಬಾಗಿಲೂ ಇಲ್ಲದ ಹಗುರ ಕಾರು ಅದು. 1973ರಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂದಾಗ ತೆರಿಗೆಯ ಲಾಭ ಇಲ್ಲವಾಯಿತು. ಸೆವೆನ್ ತಯಾರಿಕೆಯ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಲಾಭ ಹೋದರೂ ಕಾರು ಕಟ್ಟುವವರ ಹುಮ್ಮಸ್ಸು ಹೋಗಲಿಲ್ಲ.

1996ರಲ್ಲಿ ಹೇನ್ಸ್ ಪ್ರಕಾಶನದಿಂದ ಬಂದ ರಾನ್ ಚಾಂಪಿಯನ್ ಅವರ ಪುಸ್ತಕ ಈ ಹವ್ಯಾಸವನ್ನು ಕಡಿಮೆ ಸಂಬಳದವರ ಕೈಗೂ ತಲುಪಿಸಿತು. ಕೇವಲ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂಬ ಮಾತು ಅದರ ಶೀರ್ಷಿಕೆಯಲ್ಲೇ ಇತ್ತು. ಅಂಗಡಿಯಲ್ಲಿ ಸಿಗುವ ಚೌಕ ಉಕ್ಕಿನ ಕೊಳವೆಗಳನ್ನು ಕತ್ತರಿಸಿ ಬೆಸೆದು ಚೌಕಟ್ಟು ಮಾಡಿಕೊಳ್ಳುವುದು, ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಕೊಂಡು ಉಳಿದ ಭಾಗಗಳನ್ನೆಲ್ಲ ಅದರಿಂದಲೇ ತೆಗೆಯುವುದು ಅದರ ಉಪಾಯ. ಹೀಗೆ ಹುಟ್ಟಿದ ಕಾರುಗಳಿಗೆ ಲೋಕಾಸ್ಟ್ ಎಂಬ ಹೆಸರು ನಿಂತಿತು. ಎಸ್ಕಾರ್ಟ್‌ಗಳು ಸಿಗದಂತಾದಾಗ ಫೋರ್ಡ್ ಸಿಯೆರಾ, ಆಮೇಲೆ ಮಾಜ್ದಾ ಎಂಎಕ್ಸ್-5 ಡೋನರ್ ಕಾರುಗಳಾದವು.

ಗುಜರಿ ಭಾಗಗಳು

ಅಪಘಾತಕ್ಕೀಡಾಗಿ ವಿಮಾ ಕಂಪನಿ ಕೈಬಿಟ್ಟ ವಾಹನಗಳನ್ನು ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಎ ವರ್ಗದ್ದನ್ನು ಇಡಿಯಾಗಿ ನುಚ್ಚುಮಾಡಬೇಕು; ಅದರ ಒಂದು ಬೋಲ್ಟನ್ನೂ ಮರುಬಳಕೆಗೆ ತೆಗೆಯುವಂತಿಲ್ಲ. ಬಿ ವರ್ಗದ ಕಾರಿನ ಬಾಡಿಯನ್ನು ನಾಶಮಾಡಬೇಕು, ಆದರೆ ಒಳಗಿನ ಭಾಗಗಳನ್ನು ಬಿಚ್ಚಿಕೊಳ್ಳಬಹುದು. ಎಸ್ ಎಂದರೆ ರಚನೆಗೆ ಪೆಟ್ಟಾದ, ಎನ್ ಎಂದರೆ ರಚನೆಗೆ ಪೆಟ್ಟಾಗದ ವಾಹನಗಳು; ಇವೆರಡನ್ನೂ ದುರಸ್ತಿಮಾಡಿ ಮತ್ತೆ ರಸ್ತೆಗೆ ತರಬಹುದು. ಕಿಟ್ ಕಾರು ಕಟ್ಟುವವರಿಗೆ ಬಿ ವರ್ಗದ ಕಾರು ಒಳ್ಳೆಯ ಆಕರ. ಆದರೆ ಅದನ್ನು ಕೊಂಡ ಬಿಲ್ಲು, ಎಂಜಿನ್ ನಂಬರ್, ಹಳೆಯ ನೋಂದಣಿ ಸಂಖ್ಯೆ ಇವೆಲ್ಲ ಕೈಯಲ್ಲಿರಬೇಕು. ಕದ್ದ ಕಾರಿಗೆ ಗುಜರಿ ಕಾರಿನ ಗುರುತು ಅಂಟಿಸಿ ಮಾರುವ ದಂಧೆ ಅಲ್ಲಿ ಬಹುಕಾಲದಿಂದ ಇದೆ. ಭಾಗಗಳ ಮೂಲದ ಬಗ್ಗೆ ಅಧಿಕಾರಿಗಳು ಕೆದಕಿ ಕೇಳುವುದು ಆ ಕಾರಣಕ್ಕೆ, ಮತ್ತು ಅದು ನ್ಯಾಯವೇ.

ಯಾವ ನಂಬರ್?

ಬ್ರಿಟನ್ನಿನ ನಂಬರ್ ಪ್ಲೇಟ್ ನೋಡಿದರೆ ಕಾರು ಎಷ್ಟು ಹಳೆಯದೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಇರುವುದಕ್ಕಿಂತ ಹೊಸದೆಂದು ತೋರುವ ನಂಬರನ್ನು ಹಾಕುವಂತಿಲ್ಲ. ಹಾಗಾದರೆ ಮೂವತ್ತು ವರ್ಷ ಹಳೆಯ ಎಂಜಿನ್ ಹೊತ್ತ, ನಿನ್ನೆ ಬೆಸೆದ ಚೌಕಟ್ಟಿನ ಕಾರಿನ ವಯಸ್ಸೆಷ್ಟು? ಇದನ್ನು ತೀರ್ಮಾನಿಸುವುದು ವೇಲ್ಸ್‌ನ ಸ್ವಾನ್ಸಿಯಲ್ಲಿರುವ ಚಾಲಕ ಮತ್ತು ವಾಹನ ಪರವಾನಗಿ ಸಂಸ್ಥೆ, ಅಂದರೆ ಡಿವಿಎಲ್ಎ.

ಎಲ್ಲ ಭಾಗಗಳೂ ಹೊಸವೆಂದು ಸಾಬೀತಾದರೆ ಚಾಲ್ತಿ ವರ್ಷದ ನಂಬರ್ ಸಿಗುತ್ತದೆ. ಡೋನರ್ ಕಾರಿನ ಚಾಸಿಯನ್ನು ಬದಲಿಸದೆ ಉಳಿಸಿಕೊಂಡು, ಇನ್ನೆರಡು ಮುಖ್ಯ ಭಾಗಗಳನ್ನೂ ಅದರದ್ದೇ ಇಟ್ಟು ಹೊಸ ಬಾಡಿ ಕೂರಿಸಿದ್ದರೆ ಅದರ ಹಳೆಯ ನಂಬರೇ ಮುಂದುವರಿಯಬಹುದು. ಕಿಟ್ ತಯಾರಕರಿಂದ ಹೊಸ ಚಾಸಿ ಕೊಂಡು, ಒಂದೇ ಡೋನರ್ ಕಾರಿನ ಎರಡು ಮುಖ್ಯ ಭಾಗಗಳನ್ನು ಅದಕ್ಕೆ ಕೂರಿಸಿದವರಿಗೆ ಡೋನರ್ ಕಾರಿನ ವಯಸ್ಸಿಗೆ ಹೊಂದುವ ನಂಬರ್ ಕೊಡುತ್ತಾರೆ. ನಿಯಮದ ಒತ್ತು ‘ಒಂದೇ ಕಾರಿನ’ ಎಂಬುದರ ಮೇಲಿದೆ. ಎಂಜಿನ್ ಒಂದು ಗುಜರಿಯಿಂದ, ಆಕ್ಸಲ್ ಇನ್ನೊಂದರಿಂದ, ಸ್ಟಿಯರಿಂಗ್ ಮತ್ತೊಂದರಿಂದ ಬಂದಿದ್ದರೆ ಈ ಸೌಲಭ್ಯ ಕೈತಪ್ಪುತ್ತದೆ. ತಾವೇ ಚೌಕಟ್ಟು ಬೆಸೆಯುವವರಂತೂ ಮೊದಲ ಕೊಳವೆ ಕತ್ತರಿಸುವ ಮೊದಲೇ ಈ ನಿಯಮವನ್ನು ಓದಿಕೊಳ್ಳುವುದು ಒಳಿತು.

ವಯಸ್ಸು ಅಥವಾ ಗುರುತು ಖಚಿತವಾಗದ ವಾಹನಕ್ಕೆ ಸಿಗುವುದು ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್. 1983ರಲ್ಲಿ ಜಾರಿಗೆ ಬಂದ ಈ ಕ್ಯೂ ಪ್ಲೇಟನ್ನು ಬೇರೆ ಕಾರಿಗೆ ವರ್ಗಾಯಿಸಲಾಗದು. ಮೇಲೆ ಫ್ಯಾನ್ಸಿ ನಂಬರ್ ಕೊಂಡು ಹಾಕಲೂ ಆಗದು. ಮಾರುವಾಗ ಬೆಲೆ ಇಳಿಯುತ್ತದೆಂದು ಹಲವರು ಅದಕ್ಕೆ ಹೆದರುತ್ತಾರೆ. ಆ ಹೆದರಿಕೆ ಅತಿಯಾಯಿತು. ಹತ್ತು ಕಡೆಯ ಭಾಗಗಳಿಂದ ಕಟ್ಟಿದ ಕಾರಿನ ಬಗ್ಗೆ ಕ್ಯೂ ಪ್ಲೇಟ್ ಹೇಳುವುದು ನಿಜವನ್ನೇ. ಕೊಳ್ಳುವವನಿಗೆ ಆ ನಿಜ ತಿಳಿದಿರಬೇಕು.

ಮೂಲ ಕಾರನ್ನು ವಿಪರೀತ ಮಾರ್ಪಡಿಸಿದ ಸಂದರ್ಭದಲ್ಲಿ ಅದರ ಗುರುತು ಉಳಿಯಿತೇ ಎಂದು ಅಳೆಯಲು ಬಹುಕಾಲ ಅಂಕಗಳ ಪದ್ಧತಿ ನಡೆದುಬಂತು. ಚಾಸಿ ಅಥವಾ ಬಾಡಿಶೆಲ್‌ಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್ ಸೇರಿದ ಟ್ರಾನ್ಸ್‌ಮಿಷನ್, ಸ್ಟಿಯರಿಂಗ್ ಪ್ರತಿಯೊಂದಕ್ಕೂ 2. ಎಂಜಿನ್‌ಗೆ ಬರೀ 1. ಹಳೆಯ ನಂಬರ್ ಉಳಿಯಬೇಕಾದರೆ ಚಾಸಿಯ 5 ಸೇರಿ ಕನಿಷ್ಠ 8 ಅಂಕ ಬೇಕಿತ್ತು. ಕಾರಿನ ಜೀವವೇ ಎಂಜಿನ್ ಎಂದುಕೊಂಡವರಿಗೆ ಇದು ಅಚ್ಚರಿ ತರಬಹುದು. ಆದರೆ ಎಂಜಿನ್ ಬದಲಿಸುವುದು ಗ್ಯಾರೇಜಿನ ದಿನನಿತ್ಯದ ಕೆಲಸ. ಚಾಸಿ ಬದಲಾದರೆ ಕಾರೇ ಬದಲಾದಂತೆ. 2025ರ ಆಗಸ್ಟ್‌ನಲ್ಲಿ ಡಿವಿಎಲ್ಎ ಹಳೆಯ ಹಾಗೂ ಮಾರ್ಪಡಿಸಿದ ವಾಹನಗಳ ನಿಯಮಗಳನ್ನು ಸಡಿಲಿಸಿತು.

ಪರೀಕ್ಷೆ

ಮನೆಯಲ್ಲಿ ಕಟ್ಟಿದ ಕಾರಿಗೆ 1998ರಿಂದ ಎಸ್‌ವಿಎ, 2009ರಿಂದ ಅದರ ಜಾಗದಲ್ಲಿ ಬಂದ ಐವಿಎ ಎಂಬ ಒಂಟಿ ವಾಹನ ಪರೀಕ್ಷೆ ಇದೆ. ಕಾರ್ಖಾನೆಯ ಕಾರಿನಲ್ಲಿ ಒಂದು ಮಾದರಿಯನ್ನು ಪರೀಕ್ಷಿಸಿ ಸಾವಿರಾರು ಕಾರುಗಳನ್ನು ಒಪ್ಪುತ್ತಾರೆ. ಇಲ್ಲಿ ಆ ಒಂದೇ ಕಾರಿನ ಮೈಯನ್ನೆಲ್ಲ ತಡವಿ ನೋಡುತ್ತಾರೆ. ತಡವುವುದು ಅಕ್ಷರಶಃ ನಿಜ: 100 ಮಿಲಿಮೀಟರ್ ವ್ಯಾಸದ ಗೋಳ ತಾಗುವ ಕಡೆಯಲ್ಲೆಲ್ಲ ಹೊರ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಗಿರಬೇಕು. ಪಾದಚಾರಿಗೆ ಕಾರು ತಾಗಿದರೆ ಚೂಪು ಮೂಲೆ ಚರ್ಮ ಸೀಳಬಾರದೆಂಬುದು ಉದ್ದೇಶ. ಅದಕ್ಕಾಗಿ ಮಡ್‌ಗಾರ್ಡ್ ಅಂಚಿಗೆ ರಬ್ಬರ್ ಪಟ್ಟಿ, ಹೊರಗೆ ಕಾಣುವ ನಟ್ಟುಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕುವುದು ವಾಡಿಕೆ. ಪರೀಕ್ಷೆ ಮುಗಿದ ಮೇಲೆ ಅಂದಕ್ಕೆ ಅಡ್ಡಿಯೆಂದು ಅವುಗಳನ್ನು ಕಿತ್ತುಹಾಕುವವರೂ ಇದ್ದಾರೆ. ಅದು ಇನ್ನೊಬ್ಬರ ಮೈಮೇಲಿನ ಕಾಳಜಿಯನ್ನು ಕಿತ್ತುಹಾಕಿದಂತೆ.

ಬ್ರೇಕ್ ಬಲವಾಗಿ ಒತ್ತಿದಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಜಾಮ್ ಆಗಬಾರದು; ಹಾಗಾದರೆ ಕಾರು ಗಿರಕಿ ಹೊಡೆಯುತ್ತದೆ. ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಸೀಟ್ ಬೆಲ್ಟಿನ ಬಿಗಿತಾಣ, ಕನ್ನಡಿ, ದೀಪಗಳ ಸ್ಥಾನ, ಎಂಜಿನ್ ಸದ್ದು ಎಲ್ಲಕ್ಕೂ ಮಿತಿಗಳಿವೆ. ಹೊಗೆಯ ಮಿತಿ ಎಂಜಿನ್ನಿನ ವಯಸ್ಸನ್ನು ಅವಲಂಬಿಸಿದೆ. ಹವ್ಯಾಸಿ ಕಟ್ಟಿದ್ದೆಂದು ತೋರಿಸಲು ಕೆಲಸದ ಹಂತಹಂತದ ಫೋಟೋಗಳೂ ಬೇಕು. ನಂಬರ್ ಇಲ್ಲದ ಕಾರನ್ನು ಮೊದಲೇ ಗೊತ್ತುಪಡಿಸಿದ ಪರೀಕ್ಷೆಗೆ ವಿಮೆ ಮಾಡಿಸಿ ಓಡಿಸಿಕೊಂಡು ಹೋಗಲು ಕಾನೂನಿನ ಅವಕಾಶವಿದೆ. ನಪಾಸಾದರೆ ದೋಷಗಳ ಪಟ್ಟಿ ಕೊಡುತ್ತಾರೆ. ಸರಿಪಡಿಸಿ ಮತ್ತೆ ಬರಬಹುದು.

ಪಾಸಾದ ಪ್ರಮಾಣಪತ್ರದ ಜೊತೆ ನೋಂದಣಿ ಅರ್ಜಿ, ರಸೀದಿಗಳು, ಫೋಟೋಗಳು, 55 ಪೌಂಡ್ ಶುಲ್ಕ ಮತ್ತು ವಿ627/1 ನಮೂನೆ ಸ್ವಾನ್ಸಿಗೆ ಹೋಗುತ್ತವೆ. ಈ ನಮೂನೆಯಲ್ಲಿ ಚಾಸಿ, ಎಂಜಿನ್, ಆಕ್ಸಲ್ ಇತ್ಯಾದಿಗಳ ಮೂಲವನ್ನು ಒಂದೊಂದಾಗಿ ಬರೆಯಬೇಕು.

ಇತರ ದೇಶಗಳು, ಭಾರತ

ಜರ್ಮನಿಯಲ್ಲಿ ಒಂಟಿ ವಾಹನಕ್ಕೆ ತಜ್ಞರ ಪರೀಕ್ಷೆ ಇದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲೂ ಇಂಥ ವಾಹನಗಳಿಗೆ ಪ್ರತ್ಯೇಕ ನಿಯಮಾವಳಿಗಳಿವೆ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಕ್ರಮ.

ಭಾರತದಲ್ಲಿ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ಆರ್‌ಟಿಒದಲ್ಲಿ ಹೊಸ ವಾಹನ ನೋಂದಾಯಿಸಲು ಮಾರಾಟದ ಪ್ರಮಾಣಪತ್ರವಾದ ಫಾರಂ 21, ಸುರಕ್ಷತೆಯ ಬಗ್ಗೆ ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22 ಬೇಕು. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ತಯಾರಕರು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮೂಲಮಾದರಿಯನ್ನು ಪರೀಕ್ಷೆಗೆ ಒಡ್ಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಶಲಕರ್ಮಿಯೊಬ್ಬರು ಗುಜರಿ ಸಾಮಾನಿನಿಂದ ಕಟ್ಟಿದ, ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಪುಟ್ಟ ಜೀಪು 2021ರ ಕೊನೆಯಲ್ಲಿ ದೇಶದ ಗಮನ ಸೆಳೆಯಿತು. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಪಡೆದು ಬದಲಿಗೆ ಬೊಲೆರೊ ಕೊಡಿಸಿದರು. ನಿಯಮ ಮೀರಿದ ಆ ವಾಹನವನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಅವರೇ ಹೇಳಿದ್ದರು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಒಬ್ಬ ವ್ಯಕ್ತಿ ಕಟ್ಟಿದ ಒಂದೇ ವಾಹನವನ್ನು ಕೈಗೆಟುಕುವ ಶುಲ್ಕದಲ್ಲಿ, ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಂದಾಯಿಸುವ ವ್ಯವಸ್ಥೆಯನ್ನು ಕೇಂದ್ರ ಸಾರಿಗೆ ಸಚಿವಾಲಯ ಇಲ್ಲಿಯೂ ತರಬೇಕು.