ಬೆರಳಿಗೆ ಗೊತ್ತಿದ್ದ ದಾರಿ

ಕಾರ್ಖಾನೆಯಲ್ಲೇ ಕೂರಿಸಿದ ಎ.ಸಿ.ಯೊಂದಿಗೆ ಮೊದಲು ಕಾರು ಮಾರಿದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1940ರ ಮಾದರಿಯಲ್ಲಿ. ತಂಪು ಸಾಕೆನಿಸಿದರೆ ಇಳಿದು, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕಿತ್ತು! ಆಮೇಲೆ ಗುಂಡಿಗಳು ಬಂದವು. ಒಗ್ಗರಣೆಯ ಹೊತ್ತಿಗೆ ಕರೆಂಟು ಹೋದರೂ ನಮ್ಮ ಕೈ ಸಾಸಿವೆ ಡಬ್ಬಿಗೇ ಹೋಗುವುದಿಲ್ಲವೆ? ಹಾಗೆಯೇ ಕಣ್ಣು ರಸ್ತೆಯ ಮೇಲಿದ್ದರೂ ಬೆರಳು ಗುಂಡಿಯನ್ನು ಹುಡುಕಿಕೊಳ್ಳುತ್ತಿತ್ತು.

1986ರಲ್ಲಿ ಬ್ಯೂಕ್ ರಿವಿಯೆರಾ ಕಾರು ಎ.ಸಿ., ರೇಡಿಯೋ ಎಲ್ಲವನ್ನೂ ಪುಟ್ಟ ಟಿ.ವಿ.ಯಂಥ ಪರದೆಗೆ ಸೇರಿಸಿತು. ಪರದೆ ನುಣುಪು, ನೋಡದೆ ಮುಟ್ಟುವಂತಿಲ್ಲ. ದೂರುಗಳು ಬಂದವು, 1990ರ ಮಾದರಿಯಲ್ಲಿ ಗುಂಡಿಗಳು ಮರಳಿದವು. ಆದರೆ 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಅಂಗುಲದ ಪರದೆಯೊಂದಿಗೆ ಬಂದಾಗ ಆ ಪಾಠ ಎಲ್ಲರಿಗೂ ಮರೆತೇಹೋಯಿತು.

2022ರಲ್ಲಿ ಸ್ವೀಡನ್ನಿನ 'ವೀ ಬಿಲೇಗಾರೆ' ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಪರೀಕ್ಷೆ ನಡೆಸಿತು. ಬಿಸಿ ಹೆಚ್ಚಿಸುವುದು, ರೇಡಿಯೋ ಹಾಕುವುದು, ಇಂಥ ನಾಲ್ಕು ಕೆಲಸ. ಗುಂಡಿಗಳಿದ್ದ 2005ರ ವೋಲ್ವೋದಲ್ಲಿ 10 ಸೆಕೆಂಡು ಸಾಕಾಯಿತು. ಪರದೆಯ ಹೊಸ ಕಾರೊಂದರಲ್ಲಿ 44.9 ಸೆಕೆಂಡು, ಅಷ್ಟರಲ್ಲಿ ಅದು 1,372 ಮೀಟರ್ ಓಡಿತ್ತು. ಅಷ್ಟು ದೂರದಲ್ಲಿ ಎಷ್ಟು ಮಕ್ಕಳು ರಸ್ತೆ ದಾಟುತ್ತಾರೆ!

ಷೋರೂಮಿನ ಹುಡುಗ ಪರದೆಯ ಅಳತೆ ಹೇಳತೊಡಗಿದರೆ ನಾನು ಕೇಳುವುದಿಷ್ಟೆ: "ಎ.ಸಿ.ಗೆ ಗುಂಡಿ ಇದೆಯೇನಪ್ಪಾ?"