ಹೊಲಿಗೆಪೆಟ್ಟಿಗೆಯ ಪಾಠಾಂತರಗಳು

ಓಲೆಗರಿಯ ಕಾವ್ಯಗಳೊಡನೆ ಒಡನಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಒಂದೇ ಕಾವ್ಯದ ಎರಡು ಪ್ರತಿಗಳು ಅಕ್ಷರಕ್ಕಕ್ಷರ ಹೊಂದುವುದು ಅಪರೂಪ. ಲಿಪಿಕಾರನು ಎಲ್ಲಿಯೋ ಒಂದು ಮಾತನ್ನು ತಿದ್ದಿರುತ್ತಾನೆ, ಎಲ್ಲಿಯೋ ಒಂದನ್ನು ಸೇರಿಸಿರುತ್ತಾನೆ. ಅದಕ್ಕೆ ಪಾಠಾಂತರವೆಂದು ಹೆಸರಿಟ್ಟು, ಅಡಿಟಿಪ್ಪಣಿಯಲ್ಲಿ ಮರ್ಯಾದೆಯಿಂದ ಕೂರಿಸುವುದು ನಮ್ಮ ಪದ್ಧತಿ. ಇಂಥ ಪಾಠಾಂತರಗಳು ಅಮೆರಿಕ ಮತ್ತು ಯುರೋಪಿನ ಗೃಹಿಣಿಯರ ಹೊಲಿಗೆಪೆಟ್ಟಿಗೆಗಳಲ್ಲಿಯೂ ಇವೆ. ಹಿಂದೊಮ್ಮೆ ಹೊಲಿದು ಮೆಚ್ಚಿದ ಕಾಗದದ ನಮೂನೆಯನ್ನು ಹೊರತೆಗೆದು, ಈ ಬೇಸಗೆಗೂ ಅದೇ ಗೌನನ್ನು ಹೊಲಿಯಲು ಕೂಡುವ ಹೆಂಗಸಿನ ಕೈಯಲ್ಲಿರುವುದೂ ಒಂದು ಹಸ್ತಪ್ರತಿಯೇ ಸರಿ.

ಸೀರೆಯುಡುವ ನಾಡಿನಲ್ಲಿ ಈ ನಮೂನೆಯೆಂಬುದನ್ನು ತುಸು ವಿವರಿಸಬೇಕು. ಸೀರೆ ಮಗ್ಗದಿಂದಿಳಿದಾಗಲೇ ಪೂರ್ಣವಾದ ಉಡುಪು. ಅದಕ್ಕೆ ಕತ್ತರಿ ತಗಲಬೇಕಾಗಿಲ್ಲ. ಗೌನಿನ ಗತಿ ಬೇರೆ. ಬಟ್ಟೆ ಚಪ್ಪಟೆ, ಮೈ ದುಂಡು. ಚಪ್ಪಟೆಯಾದದ್ದು ದುಂಡಾದುದಕ್ಕೆ ಒಪ್ಪಬೇಕಾದರೆ ಅದನ್ನು ತುಂಡುಮಾಡಿ ಕೂಡಿಸಬೇಕು. ಯಾವ ತುಂಡಿಗೆ ಯಾವ ಆಕಾರವೆಂಬುದೇ ವಿದ್ಯೆ. ಈ ವಿದ್ಯೆ ಬಹುಕಾಲ ಚಿಪ್ಪಿಗರ ಸ್ವತ್ತಾಗಿತ್ತು. ತಂದೆ ಮಗನಿಗೆ, ಗುರು ಶಿಷ್ಯನಿಗೆ ಕೈಯಿಂದ ಕೈಗೆ ಕೊಟ್ಟು ಬಂದದ್ದು. 1580ರಲ್ಲಿ ಸ್ಪೇನಿನ ಹ್ವಾನ್ ದೆ ಆಲ್ಸೆಗಾ ಎಂಬಾತ ಮ್ಯಾಡ್ರಿಡ್ಡಿನಲ್ಲಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿ, ಬಟ್ಟೆ ಹಾಳಾಗದಂತೆ ಉಡುಪಿನ ತುಂಡುಗಳನ್ನು ಹೇಗೆ ಹಾಸಿಕೊಳ್ಳಬೇಕೆಂದು ಚಿತ್ರಗಳಲ್ಲಿ ತೋರಿಸಿದನು. ಆದರೆ ಅವು ಅಂಗೈಯಗಲದ ಚಿತ್ರಗಳು. ಅವನ್ನು ಮೈಯಳತೆಗೆ ಹಿಗ್ಗಿಸಬಲ್ಲವನು ಮತ್ತೆ ಚಿಪ್ಪಿಗನೇ.

ಹತ್ತೊಂಬತ್ತನೆಯ ಶತಮಾನದ ನಡುವೆ ಹೊಲಿಗೆಯಂತ್ರ ಬಂದಿತು. ಎಲಾಯಸ್ ಹೋ ತನ್ನ ಯಂತ್ರಕ್ಕೆ ಪೇಟೆಂಟು ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ ಪಡೆದದ್ದು 1851ರಲ್ಲಿ. ಯಂತ್ರವು ಹೊಲಿಯುವ ಬೇಸರವನ್ನು ಕಳೆಯಿತೇ ಹೊರತು ಕತ್ತರಿಸುವ ಕಷ್ಟವನ್ನು ಕಳೆಯಲಿಲ್ಲ. ಮಹಿಳೆಯರ ಪತ್ರಿಕೆಗಳು ನಮೂನೆಗಳನ್ನು ಅಚ್ಚುಹಾಕುತ್ತಿದ್ದುದು ನಿಜ. ಆದರೆ ಒಂದೇ ಹಾಳೆಯಲ್ಲಿ ಹಲವು ಉಡುಪುಗಳ ಗೆರೆಗಳು ಒಂದರ ಮೇಲೊಂದು ಹಾಯ್ದು, ಪಟ್ಟಣದ ರಸ್ತೆಗಳ ನಕ್ಷೆಯಂತೆ ಕಣ್ಣು ಕತ್ತಲಿಡಿಸುತ್ತಿದ್ದವು. 1860ರ ಸುಮಾರಿಗೆ ನ್ಯೂಯಾರ್ಕಿನ ಎಲೆನ್ ಡೆಮೊರೆಸ್ಟ್ ಬಿಡಿ ಕಾಗದದ ನಮೂನೆಗಳನ್ನು ಮಾರತೊಡಗಿದ್ದಳು. ಅವೂ ಒಂದೇ ಅಳತೆಯವು. ದಪ್ಪನೆಯವಳೂ ತೆಳ್ಳನೆಯವಳೂ ತಂತಮ್ಮ ಮೈಗೆ ತಾವೇ ಸರಿಪಡಿಸಿಕೊಳ್ಳಬೇಕಾಗಿತ್ತು.

ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬನೀಜರ್ ಬಟರಿಕ್ ಎಂಬ ದರ್ಜಿಯಿದ್ದನು. ಅವನ ಹೆಂಡತಿ ಎಲೆನ್ ಒಮ್ಮೆ ಮಗುವಿಗಾಗಿ ಚೌಕುಳಿ ಬಟ್ಟೆಯನ್ನು ಊಟದ ಮೇಜಿನ ಮೇಲೆ ಹರಡಿ, ಮಗುವಿನ ಅಳತೆಗೆ ಸರಿಯಾದ ನಮೂನೆಯೇ ಸಿಕ್ಕುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳಂತೆ. ಈ ಕಥೆ ಆ ಸಂಸ್ಥೆಯ ಸ್ಥಳಪುರಾಣ. ಪುರಾಣಕ್ಕೆ ಸಲ್ಲುವಷ್ಟು ನಂಬಿಕೆ ಇದಕ್ಕೂ ಸಲ್ಲಲಿ. 1863ರಲ್ಲಿ ಬಟರಿಕ್ ಬೇರೆ ಬೇರೆ ಅಳತೆಗಳ ನಮೂನೆಗಳನ್ನು ಮಾರತೊಡಗಿದನೆಂಬುದು ಚರಿತ್ರೆ. ಮೊದಲು ರಟ್ಟಿನಲ್ಲಿ ಪ್ರಯತ್ನಿಸಿ, ಅದು ಮಡಿಸಿ ಅಂಚೆಗೆ ಹಾಕಲು ಒಗ್ಗದೆ ಹೋದುದರಿಂದ ತೆಳುಕಾಗದಕ್ಕೆ ತಿರುಗಿದನು. ಆರಂಭದಲ್ಲಿ ಗಂಡಸರ, ಹುಡುಗರ ಉಡುಪು, 1866ರಿಂದ ಹೆಂಗಸರದು. 1870ರಲ್ಲಿ ಜೇಮ್ಸ್ ಮ್ಯಾಕಾಲ್ ಎಂಬ ಇನ್ನೊಬ್ಬ ದರ್ಜಿ ಸ್ಪರ್ಧೆಗೆ ನಿಂತನು. ಸಂಸ್ಥೆಯ ಫಲಕದ ಮೇಲೆ ಉಳಿದದ್ದು ಗಂಡನ ಹೆಸರು. ಮೇಜಿನ ಬಳಿಯ ಕೊರತೆಯನ್ನು ಅರಿತವಳು ಹೆಂಡತಿ.

ಆ ಮೊದಲ ನಮೂನೆಗಳ ಮೇಲೆ ಗೆರೆಯಿಲ್ಲ, ಅಕ್ಷರವಿಲ್ಲ. ಬರಿಯ ತೂತುಗಳೂ ಅಂಚಿನ ಕಚ್ಚುಗಳೂ ಸಂಕೇತಗಳಾಗಿದ್ದವು. 1920ರ ಸುಮಾರಿಗೆ ಮ್ಯಾಕಾಲ್ ಸಂಸ್ಥೆ ಗೆರೆ ಮುದ್ರಿಸಿದ ಹಾಳೆಗಳನ್ನು ತಂದಿತು. 1927ರಲ್ಲಿ ಹುಟ್ಟಿದ ಸಿಂಪ್ಲಿಸಿಟಿ ಸಂಸ್ಥೆ ಹದಿನೈದು ಸೆಂಟಿಗೊಂದರಂತೆ ಮಾರಿತು. ಮುಂದಿನ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಹಳ್ಳಿಗಾಡಿನ ತಾಯಂದಿರು ಹಿಟ್ಟಿನ ಚೀಲಗಳ ಹತ್ತಿಬಟ್ಟೆಯಲ್ಲಿ ಮಕ್ಕಳಿಗೆ ಫ್ರಾಕು ಹೊಲಿದರು. ಬ್ರಿಟನ್ನಿನಲ್ಲಿ 1941ರಿಂದ 1949ರ ವರೆಗೆ ಬಟ್ಟೆಗೆ ಪಡಿತರವಿತ್ತು. ಅಂಥ ಕಾಲದಲ್ಲಿ ಒಮ್ಮೆ ಚೆನ್ನಾಗಿ ಕೂತ ನಮೂನೆಯನ್ನು ಬಿಟ್ಟು ಹೊಸದನ್ನು ಪರೀಕ್ಷಿಸುವ ಧೈರ್ಯ ಯಾರಿಗೆ? ಕತ್ತರಿ ತಪ್ಪಿದರೆ ಹೋಗುವುದು ವರ್ಷದ ಬಟ್ಟೆ. ಅದೇ ನಮೂನೆಗೆ ಮರಳುವುದು ಅಭಿರುಚಿಯ ಮಾತಾಗುವ ಮೊದಲು ಜೀವನದ ಮಾತಾಗಿತ್ತು.

ಯುದ್ಧದ ಬಿಗಿ ಸಡಿಲಿದ ಮೇಲೆ, 1952ರಲ್ಲಿ, ಬಟರಿಕ್ ಸಂಸ್ಥೆ ಒಂದು ಬೇಸಗೆಯ ಗೌನಿನ ನಮೂನೆಯನ್ನು ಹೊರಡಿಸಿತು. ಬೆಳಗಿನ ಉಪಾಹಾರವಾದ ಮೇಲೆ ಹೊಲಿಯಲು ಕೂತರೆ ಮಧ್ಯಾಹ್ನದ ಊಟಕ್ಕೆ ಅದನ್ನೇ ತೊಟ್ಟು ಹೊರಡಬಹುದೆಂದು ಅದರ ಹೆಗ್ಗಳಿಕೆ; ‘ವಾಕ್ ಅವೇ’ ಎಂದೇ ಅದಕ್ಕೆ ಹೆಸರಾಯಿತು. ತೋಳಿಲ್ಲ, ಪಕ್ಕದ ಹೊಲಿಗೆಯಿಲ್ಲ. ತಲೆಯ ಮೇಲಿಂದ ಇಳಿಬಿಟ್ಟುಕೊಂಡರೆ ಮುಂದಿನ ತುಂಡು ಬೆನ್ನ ಹಿಂದೆ ಕೂಡುತ್ತದೆ. ಹಿಂದಿನ ತುಂಬು ಘೇರು ಸುತ್ತಿಬಂದು ನಡುವಿನ ಮುಂದೆ ಗುಂಡಿಗೆ ಸಿಕ್ಕುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಸಂಸ್ಥೆ ಅದನ್ನು ಪುನಃ ಹೊರತಂದಿತು. ಅಜ್ಜಿ ಹೊಲಿದದ್ದನ್ನು ಮೊಮ್ಮಗಳು ಹೊಲಿಯುವಂತಾಯಿತು.

ಇಲ್ಲಿಯೇ ಪಾಠಾಂತರದ ಮಾತು ಬರುವುದು. ಯಾವ ನಮೂನೆಯೂ ಮೊದಲ ಸಲ ಪೂರ್ತಿ ಒಪ್ಪುವುದಿಲ್ಲ. ಅದು ಬರೆದಿರುವುದು ಎಲ್ಲೂ ಇಲ್ಲದ ಒಬ್ಬ ಸರಾಸರಿ ಹೆಂಗಸಿಗೆ. ಮೊದಲ ಗೌನಿನಲ್ಲಿ ಕುತ್ತಿಗೆ ಅಗಲವಾಗುತ್ತದೆ, ನಡು ಮೇಲಕ್ಕೆ ಸರಿಯುತ್ತದೆ. ಹೊಲಿದವಳು ಕಾಗದದ ಅಂಚನ್ನು ಮಡಿಸಿ ಗುಂಡುಸೂಜಿ ಚುಚ್ಚುತ್ತಾಳೆ, ಅರ್ಧ ಅಂಗುಲ ಬಿಡಬೇಕೆಂದು ಸೀಸದಕಡ್ಡಿಯಲ್ಲಿ ಗುರುತಿಸುತ್ತಾಳೆ. ಎರಡನೆಯ ಗೌನು ಆ ತಿದ್ದುಪಡಿಗಳ ಫಲ. ಹೆರಿಗೆಯ ಬಳಿಕದ ಗೌನಿಗೆ ಇನ್ನೊಂದು ತಿದ್ದುಪಡಿ, ಐವತ್ತು ದಾಟಿದ ಮೇಲೆ ಮತ್ತೊಂದು. ಸಾವಿರಾರು ಜನರಿಗೆಂದು ಅಚ್ಚಾದ ಹಾಳೆ ಹೀಗೆ ಒಬ್ಬಳ ದೇಹಚರಿತ್ರೆಯಾಗುತ್ತದೆ. ನಮ್ಮ ಮನೆಗಳಲ್ಲಿ ಇದೇ ಕೆಲಸವನ್ನು ಅಳತೆಯ ರವಿಕೆ ಮಾಡುತ್ತ ಬಂದಿದೆ. ಮೈಗೆ ಸರಿಯಾಗಿ ಕೂತ ಹಳೆಯದೊಂದನ್ನು ದರ್ಜಿಯ ಮುಂದಿಟ್ಟು, ‘ಇದರಂತೆಯೇ ಹೊಲಿಯಪ್ಪ, ತೋಳು ಮಾತ್ರ ಒಂದಿಷ್ಟು ಸಡಿಲವಿರಲಿ’ ಎನ್ನುವುದು ಯಾರ ಮನೆಯಲ್ಲಿಲ್ಲ? ನಮ್ಮಲ್ಲಿ ಆ ತಿದ್ದುಪಡಿ ಬಾಯಿಮಾತಿನಲ್ಲಿ ಕಳೆದುಹೋಗುತ್ತದೆ; ಅಲ್ಲಿ ಕಾಗದದ ಮೇಲೆ ನಿಲ್ಲುತ್ತದೆ.

ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಹತ್ತಾರು ಸಾವಿರ ನಮೂನೆಗಳನ್ನು ಕೂಡಿಟ್ಟಿದ್ದಾರೆ. ಜಾಯ್ ಎಮರಿ ಎಂಬ ವಿದುಷಿ ಈ ಉದ್ಯಮದ ಚರಿತ್ರೆಯನ್ನು 2014ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇದು ಸಂತೋಷದ ವಿಷಯ. ಆದರೆ ಹಳೆಯ ನಮೂನೆಗಳ ಪೇಟೆಯಲ್ಲಿ ಹೆಚ್ಚಿನ ಬೆಲೆಯಿರುವುದು ಕತ್ತರಿ ಕಾಣದ, ಮಡಿಕೆ ಬಿಚ್ಚದ ಹಾಳೆಗಳಿಗೆ. ಹರಿದು, ತೇಪೆಹಾಕಿ, ಗೀಚಿದವು ಮನೆಯವಳ ಕಾಲಾನಂತರ ಹಳೆಯ ಕಾಗದದೊಡನೆ ಹೊರಗೆ ಹೋಗುತ್ತವೆ. ಒಬ್ಬರೂ ಓದದ ಓಲೆಗರಿಯನ್ನು ಪೆಟ್ಟಿಗೆಯಲ್ಲಿಟ್ಟು, ತಲೆಮಾರುಗಳು ಓದಿ ತಿದ್ದಿದ ಪ್ರತಿಯನ್ನು ಒಲೆಗೆ ಹಾಕಿದಂತೆ ಇದು. ಅಂಥ ಹರಕು ಲಕೋಟೆಯೊಂದು ಯಾರ ಕೈಗಾದರೂ ಬಂದರೆ, ಎಸೆಯುವ ಮೊದಲು ಅದರ ಅಂಚುಗಳನ್ನೊಮ್ಮೆ ಓದಲಿ. ಅಲ್ಲಿ ಸೀಸದಕಡ್ಡಿಯಲ್ಲಿ ಬರೆದಿಟ್ಟವಳು ಬೇರೆಲ್ಲಿಯೂ ಒಂದು ಸಾಲನ್ನು ಬರೆದಿಟ್ಟಿರಲಾರಳು.