ಹಾಲು, ತುಪ್ಪ ಬಿಟ್ಟರೆ ಶಕ್ತಿ ಇರುವುದಿಲ್ಲವೇ? ರೂಮಿನ ಅಡುಗೆಯ ಲೆಕ್ಕ

ಹಾಲು, ಮೊಸರು, ತುಪ್ಪ, ಜೇನನ್ನೂ ಬಿಟ್ಟ ಸಸ್ಯಾಹಾರವೇ ವೀಗನ್ ಆಹಾರ. ಇದು ದುಬಾರಿ, ಮೈಗೆ ಸಾಲದು ಎಂಬ ಮಾತಿದೆ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ರೂಮು ಮಾಡಿಕೊಂಡು ಓದುವವರ ಮಟ್ಟಿಗೆ ಇದು ಎಷ್ಟು ನಿಜ ಎಂದು ನೋಡೋಣ.

ಈ ಸೀಮೆಯ ಉಪ್ಪುಸಾರು, ಮುದ್ದೆ ಮೊದಲಿನಿಂದಲೂ ವೀಗನ್ನೇ. ರಾತ್ರಿ ಹುರುಳಿಕಾಳು ನೆನೆಸಿ. ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಸೊಪ್ಪು ಹಾಕಿ ಇನ್ನೊಂದು ಕುದಿ ಬರಿಸಿ ಬಸಿಯಿರಿ. ಬಸಿದ ನೀರಿಗೆ ಉಪ್ಪು ಹಾಕಿದರೆ ಸಾರು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ರುಬ್ಬಿದರೆ ಖಾರ. ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ.

ಪ್ರೋಟೀನ್: 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಅಂಶವನ್ನು ಕಾಳು ತುಂಬಿಕೊಡುತ್ತದೆ.

ಕ್ಯಾಲ್ಸಿಯಂ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ, ಅಷ್ಟೇ ಹಾಲಿನಲ್ಲಿ ಸುಮಾರು 120. ಆದರೆ ರಾಗಿಯ ಫೈಟೇಟ್ ಅಂಶವು ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಹುಳಿ ಬರಿಸಿದರೆ ಈ ಅಡ್ಡಿ ತಗ್ಗುತ್ತದೆ.

ಕಬ್ಬಿಣ: ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆಗೇ ಟೀ, ಕಾಫಿ ಬೇಡ. ಅವು ಕಬ್ಬಿಣ ಹೀರಿಕೆಯನ್ನು ಕುಗ್ಗಿಸುತ್ತವೆ.

ಕೊರತೆ ನಿಜವಾಗಿ ಇರುವುದು ಬಿ12 ವಿಟಮಿನ್‌ನಲ್ಲಿ. ಸೊಪ್ಪು, ಕಾಳು, ಹುಳಿ ಬಂದ ಇಡ್ಲಿಹಿಟ್ಟು ಯಾವುದೂ ಇದಕ್ಕೆ ನಂಬಬಹುದಾದ ಮೂಲವಲ್ಲ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಗೊತ್ತಾಗಲು ವರ್ಷಗಳೇ ಹಿಡಿಯಬಹುದು. ಸುಸ್ತು, ಕೈಕಾಲು ಜೋಮು ಅದರ ಲಕ್ಷಣಗಳು. ಬಹುಕಾಲ ಬಿಟ್ಟರೆ ನರಗಳಿಗೆ ಆದ ಹಾನಿ ಸರಿಹೋಗದೆ ಉಳಿಯಬಹುದು. ಲಕ್ಷಣಕ್ಕೆ ಕಾಯದೆ ವೈದ್ಯರನ್ನು ಕೇಳಿ ಬಿ12 ಮಾತ್ರೆ ಶುರುಮಾಡಿ.

ಹಾಗಾಗಿ ‘ಶಕ್ತಿ ಇಲ್ಲ’ ಎಂಬುದು ಸುಳ್ಳು. ‘ಊಟವೊಂದೇ ಸಾಕು’ ಎಂಬುದೂ ಸುಳ್ಳು.